ಪಕ್ಕದ ಸೀಟಿನ ಪೆಡಲು

ಬೆಳಗಿನಿಂದ ಅವಳ ಎಡಗಾಲು ಅವಳ ಮಾತು ಕೇಳುತ್ತಿರಲಿಲ್ಲ. ಒಲೆಯ ಮುಂದೆ ನಿಂತರೆ ನೆಲವನ್ನು ಒತ್ತುತ್ತಿತ್ತು, ಬಚ್ಚಲಲ್ಲಿ ನಿಂತರೆ ಕಲ್ಲನ್ನು ಒತ್ತುತ್ತಿತ್ತು, ಚಪ್ಪಲಿ ಹಾಕಿಕೊಳ್ಳಲು ಹೋದರೆ ಚಪ್ಪಲಿಯನ್ನೇ ತುಳಿದು ಹಿಡಿದುಕೊಂಡು ಬಿಡಲೊಲ್ಲೆ ಅನ್ನುತ್ತಿತ್ತು. ಈ ಕಾಲಿಗೇನೋ ಗೊತ್ತಾಗಿದೆ, ನನಗೆ ಹೇಳುತ್ತಿಲ್ಲ, ಅಂದುಕೊಂಡಳು. ಅದು ಸುಳ್ಳೆಂದು ಆ ಕ್ಷಣವೇ ತಿಳಿದಿತ್ತು. ಗೊತ್ತಿದ್ದದ್ದು ಅವಳಿಗೇ, ಕಾಲಿನ ಮೇಲೆ ಹೊರಿಸುತ್ತಿದ್ದಳು ಅಷ್ಟೆ. ತಂಗಿ ಎದ್ದ ಕೂಡಲೇ ಫೋನು ಮಾಡಿದ್ದಳು. ಮಧ್ಯಾಹ್ನ ಅಮ್ಮನನ್ನು ಕೆಳಗಿನ ಪೇಟೆಯ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ನಮ್ಮ ಕಾರಿನಲ್ಲೇ, ನಾನೇ ಓಡಿಸಿಕೊಂಡು, ಇವರು ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ, ಹಿಂದೆ ಕೂತು ನಗುವವರು ಯಾರೂ ಇಲ್ಲ, ಅದಕ್ಕೇ ಇವತ್ತೇ, ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಇನ್ನೂ ಸ್ವಲ್ಪ ದಿನ ಮೇಲೇ ಓಡಿಸಿ ಕೈ ಕೂರಿಸಿಕೋ, ಇಳಿಜಾರು ಆಮೇಲೆ ನೋಡಿದರಾಯಿತು ಎಂದು ಇವಳು ಅಂದಾಗ ತಂಗಿ ನಕ್ಕಳು. "ಕಲಿಸಿದ್ದು ನೀನು ಅಕ್ಕ. ಇನ್ನು ನಂಗ್ಯಾಕೆ ಭಯ?" ಕಿವಿಯೊಳಗೆ ಹೋದ ಆ ಮಾತು ಹೊರಗೆ ಬರಲಿಲ್ಲ. ಫೋನು ಇಟ್ಟ ಮೇಲೆ ಉಕ್ಕಿ ಬರುತ್ತಿದ್ದ ಹಾಲನ್ನು ನೋಡುತ್ತ ನಿಂತಳು, ಒಲೆ ಆರಿಸಬೇಕೆಂದು ತೋಚದೆ, ಎಡಗಾಲನ್ನು ನೆಲಕ್ಕೆ ಒತ್ತಿ ಹಿಡಿದು, ಒತ್ತಿದರೆ ಹಾಲು ನಿಂತೀತು ಅನ್ನುವಂತೆ.

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು. ಊರು ಗುಡ್ಡದ ನೆತ್ತಿಯ ಮೇಲಿತ್ತು. ಮೇಲೆಲ್ಲ ಅಂಗೈಯಂತೆ ಚಪ್ಪಟೆ. ಒಂದೇ ಒಂದು ರಸ್ತೆ ಸುತ್ತಿ ಬಳಸಿ ಕೆಳಗಿನ ಪೇಟೆಗೆ ಇಳಿಯುತ್ತಿತ್ತು. ಸ್ಕೂಲಿನ ಯಜಮಾನರು ಕಲಿಯುವವರನ್ನು ಆ ರಸ್ತೆಗೆ ಬಿಡುತ್ತಿರಲಿಲ್ಲ. ಬ್ರೇಕು ಸವೆಯುತ್ತೆ, ಟೆಸ್ಟು ನಡೆಯೋದು ಮೈದಾನದಲ್ಲಿ ತಾನೆ, ಮೈದಾನಕ್ಕೆ ಎಷ್ಟು ಬೇಕೋ ಅಷ್ಟು ಕಲಿಸಿ ಸಾಕು, ಅನ್ನುತ್ತಿದ್ದರು. ಹಾಗಾಗಿ ಊರಿನಲ್ಲಿ ಲೈಸೆನ್ಸು ಪಡೆದವರೆಲ್ಲ ಚಪ್ಪಟೆ ನೆಲದ ಚಾಲಕರು. ಇಳಿಜಾರನ್ನು ಗಂಡನಿಂದಲೋ ಅಣ್ಣನಿಂದಲೋ ದೇವರಿಂದಲೋ ಆಮೇಲೆ ಕಲಿತುಕೊಳ್ಳುತ್ತಿದ್ದರು. ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು, ಒಂದು ಕ್ಲಚ್ಚು ಇತ್ತು, ಕಲಿಯುವವರು ಕೈಬಿಟ್ಟರೆ ಕಲಿಸುವವರು ತುಳಿಯಲೆಂದು. ಇವಳು ಇಲ್ಲಿ ಒತ್ತಿದರೆ ಅಲ್ಲಿ ಅವರ ಪಾದದ ಕೆಳಗಿನ ಪೆಡಲೂ ತಾನೇ ಇಳಿಯುತ್ತಿತ್ತು. ಹೊಸಬರಿಗೆ ಅದು ಗೊತ್ತೇ ಆಗುವುದಿಲ್ಲ. ಅವರ ಜೀವವೆಲ್ಲ ಕಣ್ಣಿನಲ್ಲಿರುತ್ತದೆ, ಕಾಲಿನಲ್ಲಿರುವುದಿಲ್ಲ. ಇವಳ ಜೀವವೋ ಹೋಗಿ ಕಾಲಿನಲ್ಲೇ ಕೂತು ಎಷ್ಟೋ ಕಾಲವಾಗಿತ್ತು.

ಈಗ ಸ್ಟಿಯರಿಂಗು ಹಿಡಿದು ಕೂತವನು ಒಬ್ಬ ಟೈಲರ್, ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡೇ ಬಂದಿದ್ದ. ನನ್ನದು ಹೊಲಿಗೆ ಮಿಷನ್ನಿನ ಕಾಲು ಮೇಡಂ, ಸುಮ್ಮನೆ ಇಟ್ಟರೆ ಅದಕ್ಕೆ ನಿದ್ದೆ ಬರುತ್ತೆ, ಎಂದು ತಾನೇ ನಗುತ್ತ ಕ್ಲಚ್ಚನ್ನು ತಕತಕ ತುಳಿಯುತ್ತಿದ್ದ. ಮೈದಾನದ ತುದಿಯ ಬಿಳಿಗೆರೆ ಹತ್ತಿರ ಬರುತ್ತಿತ್ತು. ನಿಲ್ಲಿಸಿ ಅಂದಳು. ಅವನು ಬ್ರೇಕು ಒತ್ತಿದ, ಅವಳ ಎಡಗಾಲು ಅವಳನ್ನು ಕೇಳದೆ ಕ್ಲಚ್ಚು ಒತ್ತಿತು, ಕಾರು ಬೆಣ್ಣೆಯಲ್ಲಿ ಚಾಕು ನಿಂತ ಹಾಗೆ ನಿಂತಿತು. ಟೈಲರ್ ಹಿಗ್ಗಿಹೋಗಿ ಅವಳ ಕಡೆ ನೋಡಿದ. ಆ ಹಿಗ್ಗನ್ನು ಅವಳು ಬೇರೊಂದು ಮುಖದಲ್ಲಿ ನೋಡಿದ್ದಳು. ಬರೀ ನೋಡಿದ್ದಲ್ಲ, ತಾನೇ ಹುಟ್ಟಿಸಿದ್ದಳು.

ತಂಗಿಗೆ ಕಾರು ನಿಲ್ಲಿಸುವುದೊಂದು ಬರುತ್ತಿರಲಿಲ್ಲ. ಹೊರಡುತ್ತಿದ್ದಳು, ತಿರುಗಿಸುತ್ತಿದ್ದಳು, ಗೇರು ಬದಲಿಸುವಾಗ ತುಟಿ ಕಚ್ಚಿಕೊಂಡು ಚಂದ ಕಾಣುತ್ತಿದ್ದಳು. ನಿಲ್ಲಿಸುವಾಗ ಮಾತ್ರ ಕೊನೆಯ ಗಳಿಗೆಯಲ್ಲಿ ಒತ್ತಬೇಕಾದ ಕ್ಲಚ್ಚು ಮರೆತು, ಕಾರು ಒಮ್ಮೆ ಎಗರಿ ಬಿಕ್ಕಿ ಎಂಜಿನ್ನು ಆರಿಹೋಗುತ್ತಿತ್ತು. ಅದರಲ್ಲೇನೂ ಕೇಡಿಲ್ಲ, ಎಲ್ಲರಿಗೂ ಆಗುತ್ತದೆ, ಆರಿದ ಎಂಜಿನ್ನು ಯಾರನ್ನೂ ಕೊಂದಿಲ್ಲ. ಆದರೆ ಒಂದು ದಿನ ತಂಗಿಯ ಗಂಡ ನೋಡಲೆಂದು ಬಂದು ಹಿಂದಿನ ಸೀಟಿನಲ್ಲಿ ಕೂತಿದ್ದ. ಕಾರು ಬಿಕ್ಕಿದಾಗಲೆಲ್ಲ ತಾನೂ ಬಿಕ್ಕಳಿಸಿ ತೋರಿಸುತ್ತಿದ್ದ. ಕೊನೆಗೆ, ಪಾಪ ಕಾರು, ನಿನ್ನ ಕೈಗೆ ಸಿಕ್ಕಿ ಪ್ರಾಣ ಬಿಡ್ತಿದೆ ನೋಡು, ನಾನೊಬ್ಬ ಸಾಲದಾಗಿತ್ತಾ, ಅಂದ. ತಂಗಿ ನಕ್ಕಳು. ಆ ನಗು ಇವಳಿಗೆ ಚಿಕ್ಕಂದಿನಿಂದ ಗೊತ್ತು. ಮನೆಯಲ್ಲಿ ಎಲ್ಲರೂ ಅವಳನ್ನು ಪೆದ್ದಿ ಎಂದು ಕರೆಯುತ್ತಿದ್ದರು, ಮುದ್ದಿಗೆ. ಅವಳು ಹೀಗೇ ನಕ್ಕು ಹಿತ್ತಲಿಗೆ ಹೋಗಿ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆಯುತ್ತ ನಿಲ್ಲುತ್ತಿದ್ದಳು. ಸ್ಟಿಯರಿಂಗಿನ ಮೇಲೆ ಅವಳ ಉಗುರು ಕೆರೆಯುವುದು ಕಂಡಿತು. ಮುಂದಿನ ಸಲ ಅವಳು ಬ್ರೇಕಿನ ಮೇಲೆ ಕಾಲಿಟ್ಟ ಕ್ಷಣಕ್ಕೇ ಇವಳು ಪಕ್ಕದಿಂದ ಕ್ಲಚ್ಚು ಒತ್ತಿದಳು. ಕಾರು ಮೆತ್ತಗೆ ನಿಂತಿತು. ಹಿಂದಿನ ಸೀಟು ಸುಮ್ಮನಾಯಿತು. ತಂಗಿ ಉಸಿರು ಬಿಗಿಹಿಡಿದು, ನಾನಾ, ಎಂದು ಕಣ್ಣಿನಲ್ಲೇ ಕೇಳಿದಳು. ನೀನೇ, ಎಂದು ಇವಳು ತಲೆಯಾಡಿಸಿದಳು.

ಒಂದು ದಿನಕ್ಕೆ ಅಂದುಕೊಂಡದ್ದು ದಿನದಿನವೂ ಆಯಿತು. ಬ್ರೇಕು ಮುಟ್ಟಿದ ಕೂಡಲೇ ಕ್ಲಚ್ಚು ತಾನಾಗಿ ಕೆಳಗಿಳಿಯುವುದು ಕಾರುಗಳ ಗುಣವೆಂದು ತಂಗಿಯ ಕಾಲು ತಿಳಿದುಕೊಂಡಿತು. ಆಮೇಲಾಮೇಲೆ ಇವಳು ಒತ್ತಬೇಕಾಗಿಯೂ ಇರಲಿಲ್ಲ. ಬ್ರೇಕು ಮುಟ್ಟಿದಲ್ಲಿ ಆ ಕಾಲು ತಾನೇ ಕ್ಲಚ್ಚನ್ನು ತಳಕ್ಕೆ ತುಳಿದು ಕೂರುತ್ತಿತ್ತು. ಮೈದಾನದಲ್ಲಿ ಅದು ನಡೆಯುತ್ತದೆ. ಟೆಸ್ಟಿನ ಇನ್‌ಸ್ಪೆಕ್ಟರು ಒಂದು ಸಲವೂ ಎಂಜಿನ್ನು ಆರದ್ದನ್ನು ಕಂಡು ಭೇಷ್ ಅಂದರು. ಇಳಿಜಾರಿನಲ್ಲಿ ಅದು ನಡೆಯುವುದಿಲ್ಲ. ಕ್ಲಚ್ಚು ತುಳಿದರೆ ಎಂಜಿನ್ನು ಚಕ್ರದ ಕೈ ಬಿಡುತ್ತದೆ, ಗೇರಿನಲ್ಲಿದ್ದೂ ಇಲ್ಲದ ಹಾಗೆ. ಆಮೇಲೆ ಕಾರಿನ ಭಾರವನ್ನೆಲ್ಲ ಬ್ರೇಕೊಂದೇ ಹೊರಬೇಕು, ಹೊತ್ತು ಹೊತ್ತು ಕಾಯುತ್ತದೆ, ಕಾದು ಮೆತ್ತಗಾಗುತ್ತದೆ, ಮೆತ್ತಗಾದ ಬ್ರೇಕು ಕಾಲಿಗೆ ಸಿಕ್ಕಿಯೂ ಸಿಗುವುದಿಲ್ಲ. ಇದನ್ನು ಹೇಳಬೇಕೆಂದು ಲೈಸೆನ್ಸು ಬಂದ ಸಂಜೆ ತಂಗಿಯ ಮನೆಗೆ ಹೋಗಿದ್ದಳು. ಲೈಸೆನ್ಸು ಕನ್ನಡಿಯ ಅಂಚಿನಲ್ಲಿ ಸಿಕ್ಕಿಸಿತ್ತು, ತಲೆ ಬಾಚುವಾಗಲೆಲ್ಲ ಕಾಣುವ ಹಾಗೆ. ಅಮ್ಮ ಅದನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ಫೋಟೋದಲ್ಲಿ ಕಳ್ಳಿ ಥರ ಬಂದಿದೀಯಲ್ಲೇ ಅಂದರೆ, ತಂಗಿಯ ಗಂಡ, ಕಳ್ಳಿಯೇ ಅತ್ತೆ, ಇನ್ಮೇಲೆ ಇವಳೇ ನಮ್ಮ ಡ್ರೈವರು, ಅಂದ. ಅದರಲ್ಲಿ ಕುಹಕವಿರಲಿಲ್ಲ. ಕುಹಕವಿಲ್ಲದೆ ಅವನು ಆಡಿದ ಮೊದಲ ಮಾತು ಅದು. ಇವಳು ತಂದಿದ್ದ ಮಾತನ್ನು ಸಿಹಿಯ ಜೊತೆ ನುಂಗಿಕೊಂಡು ಬಂದಳು.

ಅಜ್ಜಿಯ ಕಥೆಯೊಂದರಲ್ಲಿ ಒಬ್ಬಳು ಹುಡುಗಿ ಕೆರೆಯ ನೀರಿನ ಮೇಲೆ ನಡೆದುಹೋಗುತ್ತಿದ್ದಳು. ಅವಳು ಹೆಜ್ಜೆ ಇಡುವಲ್ಲೆಲ್ಲ ಒಂದು ಮೀನು ಕೆಳಗಿನಿಂದ ಬಂದು ಬೆನ್ನು ಕೊಡುತ್ತಿತ್ತು. ಹುಡುಗಿಗೆ ಗೊತ್ತಿಲ್ಲ, ನನ್ನ ಕಾಲು ಕಂಡರೆ ನೀರಿಗೂ ಭಯ, ಎಂದು ಬೀಗುತ್ತಿದ್ದಳು. ಹಾಗಿರುವಾಗ ಒಂದು ದಿನ, ಅನ್ನುವಷ್ಟರಲ್ಲಿ ಅಜ್ಜಿಗೆ ಜೊಂಪು ಹತ್ತುತ್ತಿತ್ತು. ತಂಗಿ ಅಜ್ಜಿಯ ತೋಳು ಅಲುಗಿಸಿ, ಆಮೇಲೆ ಹುಡುಗಿ ಏನಾದಳು, ಎಂದು ಪೀಡಿಸುತ್ತಿದ್ದಳು. ಇವಳಿಗೆ ಹುಡುಗಿಯ ಚಿಂತೆ ಇರಲಿಲ್ಲ. ಮೀನಿಗೆ ಇದರಲ್ಲಿ ಏನು ಸುಖ ಎಂದು ಯೋಚಿಸುತ್ತ ಕಂಬಳಿಯೊಳಗೆ ಕಣ್ಣು ಬಿಟ್ಟುಕೊಂಡಿರುತ್ತಿದ್ದಳು. ಆ ಪ್ರಶ್ನೆಗೆ ಉತ್ತರ ಈಗ ಅವಳ ಪಾದದಲ್ಲಿತ್ತು. ಒಬ್ಬರ ಹೆಜ್ಜೆಯ ಕೆಳಗೆ, ಅವರಿಗೆ ಗೊತ್ತಾಗದಂತೆ, ನಾನಿಲ್ಲದಿದ್ದರೆ ನೀನಿಲ್ಲ ಎಂದುಕೊಂಡು ಇರುವುದು. ತಂಗಿ ನಿಲ್ಲಿಸಿ ಬೀಗಿದಾಗಲೆಲ್ಲ ಅವಳ ಕಾಲಿನಿಂದ ಬೆಚ್ಚನೆಯದೊಂದು ಮೇಲೇರುತ್ತಿತ್ತು. ಅದನ್ನು ಕನಿಕರವೆಂದು ಕರೆದುಕೊಂಡಿದ್ದಳು.

ಇನ್ನೊಂದು ಸಲ, ಅಂದಳು ಟೈಲರಿಗೆ. ಬಿಳಿಗೆರೆ ಬಂತು. ಈ ಸಲ ಎರಡೂ ಕಾಲನ್ನು ಸೀಟಿನ ಕೆಳಕ್ಕೆ ಎಳೆದುಕೊಂಡು, ಒಂದರ ಮೇಲೊಂದು ಹಾಕಿ ಬಿಗಿಹಿಡಿದಳು. ಕಾರು ಎಗರಿತು, ಬಿಕ್ಕಿತು, ಆರಿತು. ಟೈಲರ್‌ನ ಕಿವಿಯ ಸೀಮೆಸುಣ್ಣ ಹಾರಿ ಎಲ್ಲೋ ಬಿತ್ತು. ಈಗ ತಾನೆ ಬಂದಿತ್ತಲ್ಲ ಮೇಡಂ, ಎಂದು ಸಪ್ಪೆ ಮುಖ ಮಾಡಿದ. ಅವಳಿಗೇ ಅಚ್ಚರಿಯಾಗುವಷ್ಟು ಗಡುಸಾಗಿ ಅವಳು ಹೇಳತೊಡಗಿದಳು. ಮೊದಲು ಬ್ರೇಕು, ಬರೀ ಬ್ರೇಕು. ಎಡಗಾಲು ಸುಮ್ಮನಿರಲಿ, ಗೇರು ಕಾರನ್ನು ಹಿಡಿದುಕೊಂಡಿರಲಿ. ಇನ್ನೇನು ನಿಂತಿತು, ಕಾರು ಒಳಗೊಳಗೇ ನಡುಗಿತು ಅನ್ನುವಾಗ ಕ್ಲಚ್ಚು. ನಿಂತ ಮೇಲೆ ಹ್ಯಾಂಡ್‌ಬ್ರೇಕು, ಗೇರು ನ್ಯೂಟ್ರಲ್ಲಿಗೆ, ಆಮೇಲೆ ಕಾಲಿಗೆ ರಜ. ಇಳಿಜಾರಿದ್ದರೆ ಮೊದಲೇ ಎರಡನೇ ಗೇರು, ಮತ್ತು ಎಂಜಿನ್ನು ಸಾಯುತ್ತೇನೆ ಅಂದರೂ ಕ್ಲಚ್ಚು ಮುಟ್ಟಬೇಡಿ. ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು. ಟೈಲರ್ ಗಾಬರಿಯಾಗಿ, ಕಾಲ ಬಳಿ ಸೀಮೆಸುಣ್ಣ ಹುಡುಕುವ ನೆಪದಲ್ಲಿ ಬಗ್ಗಿದ. "ಇದನ್ನ ಮೊದಲೇ ಹೇಳಬಾರದಿತ್ತಾ ಮೇಡಂ?" ಅಂದ, ಕೆಳಗಿನಿಂದಲೇ.

ಮೈದಾನದ ಗೇಟಿನ ಹೊರಗೆ ಹಾರ್ನು ಕೇಳಿತು. ತಂಗಿಯ ಕಾರು, ತೊಳೆದ ಹಲ್ಲಿನಂತೆ ಬಿಳಿ. ಹಿಂದಿನ ಸೀಟಿನಲ್ಲಿ ಅಮ್ಮ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಕೈಚೀಲವನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಕೂತಿದ್ದಳು. ಅಕ್ಕನಿಗೆ ತೋರಿಸಿ ಹೋಗೋಣ ಅಂತ ಬಂದೆ, ಅಂದಳು ತಂಗಿ. ನಾನೂ ಬರುತ್ತೇನೆ ಎಂದು ಇವಳು ಟೈಲರನ್ನು ಅಲ್ಲೇ ಬಿಟ್ಟು, ಯಜಮಾನರಿಗೂ ಹೇಳದೆ, ತಂಗಿಯ ಪಕ್ಕದ ಬಾಗಿಲು ತೆಗೆದು ಕೂತಳು. ತಂಗಿಯ ಮುಖ ಒಂದಿಷ್ಟು ಬಾಡಿತು. ಕಾವಲಿಗೆ ಬರ್ತೀಯೇನಕ್ಕ ಅಂದಳು, ತಮಾಷೆಗೆಂಬಂತೆ. ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ, ಕೂತರೆ ಚರಚರ ಅನ್ನುತ್ತಿತ್ತು. ಇವಳ ಎಡಗಾಲು ಎಂದಿನಂತೆ ಮುಂದೆ ಚಾಚಿ ತನ್ನ ಜಾಗವನ್ನು ಹುಡುಕಿತು. ಅಲ್ಲಿ ಹೊಸ ರಬ್ಬರಿನ ಮ್ಯಾಟು, ಅದರ ಕೆಳಗೆ ತಗಡು. ಬೇರೇನೂ ಇರಲಿಲ್ಲ. ಇರುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲವೇ? ಆದರೂ ಕತ್ತಲಲ್ಲಿ ಕೊನೆಯ ಮೆಟ್ಟಿಲು ಇದೆಯೆಂದು ಇಟ್ಟ ಹೆಜ್ಜೆ ಕುಸಿದ ಹಾಗೆ ಎದೆ ಧಸಕ್ಕೆಂದಿತು. ಈಗ ಹೇಳಬೇಕು, ಇಲ್ಲೇ, ಗೇಟಿನ ಮುಂದೆಯೇ, ಅಂದುಕೊಂಡಳು. ಅಮ್ಮ ಹಿಂದಿನಿಂದ, ನಮ್ಮ ಪೆದ್ದಿ ಎಷ್ಟು ಚೆನ್ನಾಗಿ ಓಡಿಸ್ತಾಳೆ ನೋಡೇ, ನೀರು ಕುಡಿದರೂ ತುಳುಕೋದಿಲ್ಲ, ಅಂದಳು. ಕಾರು ಹೊರಟಿತು.

ಅಂಗಡಿ ಸಾಲು ಮುಗಿದು ಇಳಿಜಾರು ಶುರುವಾಗುವಲ್ಲಿ ಇವಳು ಎರಡನೇ ಗೇರು ಅಂದಳು, ತಂಗಿ ಹಾಕಿದಳು. ಒಂದಷ್ಟು ದೂರ ಎಂಜಿನ್ನು ಗೊಣಗುತ್ತ ಕಾರನ್ನು ಹಿಡಿದುಕೊಂಡು ಇಳಿಯಿತು. ಬೇಡವಾದ ಕೆಲಸಕ್ಕೆ ಎಬ್ಬಿಸಿದ ಮುದುಕಿಯ ಗೊಣಗಾಟ, ಅದನ್ನು ಕೇಳಿ ಇವಳಿಗೆ ಸಮಾಧಾನವಾಯಿತು. ಮೊದಲ ತಿರುವು ಬಂತು. ತಂಗಿ ಬ್ರೇಕು ಮುಟ್ಟಿದಳು, ಅವಳ ಎಡಗಾಲು ಕ್ಲಚ್ಚನ್ನು ತಳಕ್ಕೆ ತುಳಿಯಿತು, ಗೊಣಗಾಟ ನಿಂತುಹೋಯಿತು. ಕಾರು ಹಗುರವಾಯಿತು. ಆ ಹಗುರ ಇವಳ ಹೊಟ್ಟೆಗೆ ಮೊದಲು ತಿಳಿಯಿತು. ಕಿಟಕಿಯಾಚೆ ರಸ್ತೆಬದಿಯ ಬಿಳಿ ಕಲ್ಲುಗಳು ಒಂದೊಂದಾಗಿ ಹೋಗುತ್ತಿದ್ದವು, ಈಗ ಸಾಲಾಗಿ ಹೋಗತೊಡಗಿದವು. ತಿರುವು ದಾಟಿದ ಮೇಲೂ ಇಳಿಜಾರು ಬಿಡದ್ದರಿಂದ ತಂಗಿಯ ಬಲಗಾಲು ಬ್ರೇಕು ಬಿಡಲಿಲ್ಲ, ಬಲಗಾಲು ಬಿಡದ್ದರಿಂದ ಎಡಗಾಲೂ ಬಿಡಲಿಲ್ಲ. ಕ್ಲಚ್ಚು ಎಂದು ಇವಳು ಮೆಲ್ಲಗೆ ಅಂದಳು. ತುಳಿದಿದೀನಿ ಅಕ್ಕ, ಎಂದಳು ತಂಗಿ, ಹೇಳಿದ್ದು ಮಾಡಿದವಳ ಹೆಮ್ಮೆಯಿಂದ. ಇವಳ ಪಾದ ಮ್ಯಾಟನ್ನು ಒತ್ತಿತು, ಬಿಟ್ಟಿತು, ಒತ್ತಿತು. ಎರಡನೇ ತಿರುವಿನ ಹೊತ್ತಿಗೆ ಸುಟ್ಟ ವಾಸನೆ ಬಂತು. ಯಾರೋ ಏನೋ ಸುಡ್ತಿದಾರೆ, ಕಿಟಕಿ ಹಾಕ್ಕೊಳ್ಳಿ, ಅಂದಳು ಅಮ್ಮ.

ತಂಗಿಯ ಮುಖದಿಂದ ಹೆಮ್ಮೆ ಇಳಿದುಹೋಗುವುದನ್ನು ಇವಳು ಪಕ್ಕದಿಂದ ನೋಡಿದಳು, ಗೋಡೆಯಿಂದ ಬಿಸಿಲು ಇಳಿಯುವ ಹಾಗೆ. ಬ್ರೇಕಿನ ಮೇಲೆ ಅವಳ ಪಾದ ಇನ್ನೂ ಕೆಳಗೆ, ಇನ್ನೂ ಕೆಳಗೆ ಹೋಗುತ್ತಿತ್ತು, ಹಸಿ ಮಣ್ಣಿನ ಮೇಲೆ ಇಟ್ಟಂತೆ. ಕೆಳಗಡೆ ಮುಂದಿನ ತಿರುವಿನ ಬಿಳಿ ಕಲ್ಲುಗಳು ಕಂಡವು. ಅವುಗಳಾಚೆ ಪೇಟೆಯ ಮನೆಗಳ ಮಾಡುಗಳು, ಬಹಳ ಚಿಕ್ಕವು, ಯಾರೋ ಆಡಿ ಬಿಟ್ಟುಹೋದ ಆಟಿಕೆಗಳ ಹಾಗೆ.

"ಕ್ಲಚ್ಚು ಬಿಡು."

"ಬಿಟ್ಟರೆ ಎಂಜಿನ್ನು ಆರುತ್ತೆ ಅಕ್ಕ."

"ಆರಲಿ ಬಿಡೇ."

ತಂಗಿ ಬಿಡಲಿಲ್ಲ. ಬಿಡಲು ಆ ಕಾಲಿಗೆ ಬರುತ್ತಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಇವಳು ಬಗ್ಗಿ, ಎರಡೂ ಕೈಯಿಂದ ತಂಗಿಯ ಎಡ ಮೊಣಕಾಲನ್ನು ಹಿಡಿದು, ಬಾವಿಯಿಂದ ಕೊಡ ಎತ್ತುವ ಹಾಗೆ ಮೇಲಕ್ಕೆ ಎಳೆದಳು. ಕಾರು ಕಿರುಚಿತು. ಯಾವುದೋ ದೊಡ್ಡ ಕೈ ಹಿಂದಿನಿಂದ ಹಿಡಿದಂತೆ ಜಗ್ಗಿತು. ಅಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. ಎಂಜಿನ್ನು ಮೊರೆಯುತ್ತ, ಹಲ್ಲು ಕಡಿಯುತ್ತ, ಕಾರನ್ನು ಹಿಡಿದುಕೊಂಡಿತು. ಕಾದು ಸೋತಿದ್ದ ಬ್ರೇಕು ಉಳಿದದ್ದನ್ನು ಮಾಡಿತು. ಬಿಳಿ ಕಲ್ಲುಗಳ ಈಚೆ, ರಸ್ತೆಬದಿಯ ಜಲ್ಲಿಯ ಮೇಲೆ ಕಾರು ಎಗರಿತು, ಬಿಕ್ಕಿತು, ಆರಿತು.

ಯಾವುದೋ ಹಕ್ಕಿ ಕೂಗುತ್ತಿತ್ತು. ಅದು ಮೊದಲಿನಿಂದಲೂ ಕೂಗುತ್ತಿತ್ತೇನೋ. ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಬಂತಾ ಆಸ್ಪತ್ರೆ, ಎಂದು ಅಮ್ಮ ಕೇಳಿದಳು, ಕೆಳಗೆ ಬಿದ್ದ ಕನ್ನಡಕವನ್ನು ತಡಕಾಡುತ್ತ. ತಂಗಿ ಹ್ಯಾಂಡ್‌ಬ್ರೇಕು ಎಳೆದಳು, ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ. ಅವಳ ಕಣ್ಣು ಅಕ್ಕನ ಕಾಲಿನ ಬಳಿ ಹೋಯಿತು. ಅಲ್ಲಿ ಮ್ಯಾಟು ಒತ್ತಿ ಒತ್ತಿ ಮುದುಡಿ ಗುಡ್ಡೆಯಾಗಿತ್ತು. ಅವಳು ಪೆದ್ದಿಯಲ್ಲ. ಎಂದೂ ಆಗಿರಲಿಲ್ಲ.

"ಅಷ್ಟು ದಿನ ನಿಲ್ಲಿಸಿದ್ದು ನೀನಾ?"

ಇವಳು ಹೌದು ಅಂದಳು. ಅದಾದ ಮೇಲೆ ಏನೇನೋ ಅಂದಳು, ನಿನ್ನ ಗಂಡ ನಕ್ಕಿದ್ದ, ನಿನ್ನ ಮುಖ ನೋಡಲಾಗಲಿಲ್ಲ, ಒಂದು ದಿನಕ್ಕೆ ಅಂತ ಮಾಡಿದೆ, ಎಂದೆಲ್ಲ. ಹೇಳಿದಷ್ಟೂ ಮಾತು ತನ್ನನ್ನೇ ಮುದ್ದಿಸುತ್ತಿದೆ ಎನ್ನಿಸಿ ನಿಲ್ಲಿಸಿದಳು. ತಂಗಿ ಸ್ಟಿಯರಿಂಗನ್ನು ಉಗುರಿನಿಂದ ಕೆರೆಯಲಿಲ್ಲ. ಹೊಗೆ ಅಡಗಿ ಚಕ್ರ ಆರುವವರೆಗೂ ಹಾಗೇ ಕೂತಿದ್ದು, ಮುಂದಿನ ಗಾಜನ್ನೇ ನೋಡುತ್ತ, ಸರಿಯಾಗಿ ಹೇಗೆ ಅಂತ ಈಗ ಹೇಳು, ಅಂದಳು. ಇವಳು ಟೈಲರಿಗೆ ಹೇಳಿದ್ದನ್ನು ಹೇಳಿದಳು, ಅಷ್ಟೇ ಮಾತಿನಲ್ಲಿ. ತಂಗಿ ಒಂದೊಂದನ್ನೂ ತುಟಿಯಲ್ಲೇ ಮತ್ತೆ ಹೇಳಿಕೊಂಡಳು. ಆಮೇಲೆ ಕೈಚಾಚಿ ಇವಳ ಕಡೆಯ ಬಾಗಿಲು ತೆರೆದಳು.

"ಇಳಿ ಅಕ್ಕ."

ಬೇಡ ಕಣೇ, ಅಮ್ಮನನ್ನಾದರೂ ಇಲ್ಲಿ ಬಿಡು, ಇನ್ನೊಂದು ಗಾಡಿ ಬರುತ್ತೆ, ಅಂದಳು ಇವಳು. ಅಮ್ಮ ಕನ್ನಡಕ ಸಿಕ್ಕಿಸಿಕೊಂಡು, ನಾನ್ಯಾಕೆ ಇಳೀಲಿ, ಡಾಕ್ಟ್ರು ಎದ್ದು ಹೋಗ್ತಾರೆ, ನಿಮ್ಮ ಅಕ್ಕತಂಗೀರ ಜಗಳಕ್ಕೆ ನನ್ನ ಕಣ್ಣು ಹಾಳು ಮಾಡ್ಕೊಳ್ಳಲಾ, ಎಂದು ಚೀಲವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು. "ನೀನು ಪಕ್ಕದಲ್ಲಿದ್ರೆ ನನ್ನ ಕಾಲು ನಿನ್ನ ಮಾತೇ ಕೇಳುತ್ತೆ," ಅಂದಳು ತಂಗಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಇವಳು ಜಲ್ಲಿಯ ಮೇಲೆ ಇಳಿದು ನಿಂತಳು. ಬಾಗಿಲು ಮುಚ್ಚಿತು. ಕಾರು ಮೆಲ್ಲಗೆ ರಸ್ತೆಗೆ ಸೇರಿ, ತಿರುವಿನಲ್ಲಿ ಒಮ್ಮೆ ಕೆಂಪು ದೀಪ ಹೊತ್ತಿಸಿ, ಮರೆಯಾಯಿತು.

ಇನ್ನು ಕಿವಿಯೊಂದೇ ಉಳಿಯಿತು. ಗೇರು ಹಿಡಿದಿದ್ದರೆ ಎಂಜಿನ್ನು ಗೊಣಗುತ್ತದೆ, ಕ್ಲಚ್ಚು ತುಳಿದರೆ ಗೊಣಗು ನಿಂತು ಟೈರಿನ ಸರಸರ ಮಾತ್ರ. ಗೊಣಗು ಕೇಳುತ್ತಿತ್ತು. ಬಂಡೆಯ ಮರೆಗೆ ಹೋಗಿ ಮಂದವಾಯಿತು, ಮತ್ತೆ ಬಂತು. ಮುಂದಿನ ತಿರುವಿನಲ್ಲಿ ಅದು ತಟ್ಟನೆ ಕಡಿದುಹೋಯಿತು, ಸರಸರ ಮಾತ್ರ ಉಳಿಯಿತು, ಇವಳ ಎಡಗಾಲು ನೆಲಕ್ಕೆ ಇಳಿಯಿತು. ಬಿಡೇ, ಬಿಡೇ, ಬಿಡೇ ಎಂದು ಅವಳು ಯಾರೂ ಇಲ್ಲದ ರಸ್ತೆಗೆ ಹೇಳುತ್ತಿದ್ದಳು. ಗೊಣಗು ಎಗರಿಬಿದ್ದು ಮತ್ತೆ ಹಿಡಿದುಕೊಂಡಿತು. ಇಳಿಯಿತು, ಇಳಿಯಿತು, ಸೊಳ್ಳೆಯ ದನಿಯಷ್ಟಾಯಿತು. ಆಮೇಲೆ ಅದೂ ನಿಂತಿತು. ಈ ಸಲ ಟೈರಿನ ಸದ್ದೂ ಇರಲಿಲ್ಲ, ಏನೂ ಇರಲಿಲ್ಲ. ಹಕ್ಕಿಯೂ ಬಾಯಿ ಮುಚ್ಚಿಕೊಂಡಿತ್ತು. ಅಜ್ಜಿ ಜೊಂಪಿಗೆ ಜಾರಿದ ಮೇಲೆ ಕೋಣೆಯಲ್ಲಿ ಹೀಗೇ ಇರುತ್ತಿತ್ತು, ತಂಗಿ ಕತ್ತಲಲ್ಲಿ, ಆಮೇಲೆ, ಎಂದು ಕೇಳುವವರೆಗೆ. ಅವಳು ಕಾಯುತ್ತಿದ್ದದ್ದು ದೊಡ್ಡ ಸದ್ದಿಗೆ. ಬಂದದ್ದು ಚಿಕ್ಕ ಸದ್ದು, ಬಹಳ ಕೆಳಗಿನಿಂದ: ಸ್ಟಾರ್ಟರು ಕರಕರ ಎಂದು ಕೆಮ್ಮಿತು, ಸೋತಿತು, ಮತ್ತೆ ಕೆಮ್ಮಿತು. ಎಂಜಿನ್ನು ಆರಿತ್ತು. ತಂಗಿ ಬ್ರೇಕೊಂದನ್ನೇ ಒತ್ತಿ, ಕ್ಲಚ್ಚು ಮರೆತು, ಎಗರಿಸಿ, ಬಿಕ್ಕಿಸಿ, ಎಂಜಿನ್ನನ್ನು ಆರಿಸಿಕೊಂಡು, ನಡುರಸ್ತೆಯಲ್ಲಿ ತಾನಾಗಿ ನಿಂತಿದ್ದಳು. ಎಂಜಿನ್ನು ಹತ್ತಿಕೊಂಡಿತು. ಗೊಣಗು ಮತ್ತೆ ಶುರುವಾಯಿತು. ಇನ್ನೂ ಇಳಿಜಾರು ಬಾಕಿಯಿತ್ತು, ಇನ್ನೂ ತಿರುವುಗಳಿದ್ದವು, ಅಲ್ಲಿಂದಾಚೆಗೆ ಅವಳ ಕಿವಿ ಹೋಗುತ್ತಿರಲಿಲ್ಲ.

ಮೇಲಕ್ಕೆ ನಡೆದು ಹೋಗಬೇಕೆಂದು ತಿರುಗಿದಳು. ಎಡಗಾಲು ಬರಲಿಲ್ಲ. ಜಲ್ಲಿಯನ್ನು ಸರಿಸಿ, ಮಣ್ಣಿನಲ್ಲಿ ಕುಳಿ ತೋಡಿಕೊಂಡು ಅದು ಇನ್ನೂ ಒತ್ತಿಕೊಂಡೇ ಇತ್ತು. ಅವಳು ಬಗ್ಗಿ, ತನ್ನ ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು, ಮೇಲಕ್ಕೆ ಎಳೆದಳು.